ಗಾಯವಾಗಿ ತಿಂಗಳುಗಟ್ಟಲೆ ತಯಾರಿ ತಪ್ಪಿದೆಯೇ? ಹಾಫ್ ಐರನ್‌ಮ್ಯಾನ್‌ಗೆ ಮತ್ತೆ ಸಜ್ಜಾಗುವುದು ಹೀಗೆ

ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ಹಾಫ್ ಐರನ್‌ಮ್ಯಾನ್ ಸ್ಪರ್ಧೆಗೆ ಹಣ ಕಟ್ಟಿ ಆಗಿದೆ. ಸ್ಪರ್ಧೆ ನಡೆಯುವ ಗೋವಾದಲ್ಲಿ ರೂಮೂ ಬುಕ್ ಆಗಿದೆ. ಅಷ್ಟರಲ್ಲಿ ಹಿಮ್ಮಡಿಯೋ ಮೊಣಕಾಲೋ ಕೈಕೊಟ್ಟಿದೆ, ಇಲ್ಲವೇ ಡೆಂಗಿ ಬಂದು ವಾರಗಟ್ಟಲೆ ಮಲಗಿಸಿದೆ. ದಾವಣಗೆರೆ, ಚಿತ್ರದುರ್ಗದ ಕಡೆ ಟ್ರಯಥ್ಲಾನ್‌ಗೆ ತಯಾರಾಗುವವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ನೋವು ಕಡಿಮೆಯಾದ ಮರುದಿನವೇ ಶೂ ಹಾಕಿಕೊಂಡು ಕುಂದವಾಡ ಕೆರೆ ಸುತ್ತ ಓಡುತ್ತಾರೆ. ಬಿಟ್ಟುಹೋದ ವಾರಗಳನ್ನೆಲ್ಲ ಒಂದೇ ತಿಂಗಳಲ್ಲಿ ತುಂಬಿಸಲು ನೋಡುತ್ತಾರೆ. ಮೂರನೇ ವಾರಕ್ಕೆ ಅದೇ ಜಾಗದಲ್ಲಿ ಅದೇ ನೋವು.

ಇವರಿಗೆಲ್ಲ ಶ್ರಮ ಕಡಿಮೆ ಬಿದ್ದಿಲ್ಲ. ಕ್ರಮ ತಪ್ಪಿದೆ. ದಮ್ಮು ಕೆಲವೇ ವಾರಗಳಲ್ಲಿ ವಾಪಸ್ ಬರುತ್ತದೆ. ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ಉಸಿರು ಆರಾಮಾಗಿದೆ ಎಂದು ವೇಗ ಹೆಚ್ಚಿಸುವ ಹೊತ್ತಿಗೆ ಕಾಲು ಇನ್ನೂ ತಯಾರಾಗಿರುವುದಿಲ್ಲ. ಅದಕ್ಕೇ ಇಲ್ಲಿ ಓಟವನ್ನು ಕೊನೆಗೆ ಇಟ್ಟಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಲೆಕ್ಕವೆಲ್ಲ ಹಾಫ್ ದೂರಕ್ಕೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು. ಗಾಯದಿಂದ ಈಗಷ್ಟೇ ಎದ್ದವರು ಅದೇ ವರ್ಷ ಪೂರ್ತಿ ದೂರಕ್ಕೆ ಕೈಹಾಕದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

## ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ದುಬಾರಿ ಸಾಮಾನು ಬೇಕಿಲ್ಲ. ಒಂದು ನೋಟ್‌ಬುಕ್ ಬೇಕು. ದಿನಾ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ನೋವು ಹತ್ತರಲ್ಲಿ ಎಷ್ಟು ಎಂದು ಬರೆಯಲು. ಫೋನಿನಲ್ಲೂ ಬರೆದುಕೊಳ್ಳಬಹುದು, ಆದರೆ ತಪ್ಪಿಸುವಂತಿಲ್ಲ. ಇದರ ಜೊತೆ ವ್ಯಾಯಾಮಕ್ಕೆ ರಬ್ಬರ್ ಬ್ಯಾಂಡ್, ಈಜುವಾಗ ತೊಡೆ ಮಧ್ಯೆ ಹಿಡಿಯುವ ತೇಲು ತುಂಡು ಪುಲ್ ಬಾಯ್, ನಿಮಿಷ ಎಣಿಸುವ ಸಾದಾ ವಾಚು. ಸೈಕಲ್ಲಿಗೆ ಎರಡು ಟ್ಯೂಬ್, ಟೈರ್ ಲಿವರ್, ಪಂಪು, ಹಿಂದೆ ಮುಂದೆ ಲೈಟು. ಮನೆಯಲ್ಲಿ ಸೈಕಲ್ ನಿಲ್ಲಿಸಿ ತುಳಿಯುವ ಟ್ರೈನರ್ ಯಾರಾದರೂ ಎರವಲು ಕೊಟ್ಟರೆ ಬಿಡಬೇಡಿ. ಕಾಲಿನ ಗಾಯವಿದ್ದವರಿಗೆ ಅದು ಹೊಸ ಶೂಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

## ಹಂತ 1: ನೋವು ಯಾವುದು ಎಂದು ತಿಳಿದುಕೊಳ್ಳಿ

‘ಕಾಲು ನೋವು’ ಎಂದಷ್ಟೇ ಗೊತ್ತಿದ್ದರೆ ಮುಂದಿನ ಯಾವ ಹಂತಕ್ಕೂ ಹೋಗಲಾಗದು. ಮೂಳೆ ಡಾಕ್ಟರ್ ಅಥವಾ ಕ್ರೀಡಾ ಗಾಯ ನೋಡುವ ಫಿಸಿಯೋ ಹತ್ತಿರ ಹೋಗಿ, ನಿಮಗಿರುವುದು ಏನು ಎಂದು ಸ್ಪಷ್ಟವಾಗಿ ಹೇಳಿಸಿಕೊಳ್ಳಿ. ಯಾಕೆಂದರೆ ಒಂದೊಂದಕ್ಕೆ ಒಂದೊಂದು ದಾರಿ. ಹಿಮ್ಮಡಿಯ ಮೇಲಿನ ದಪ್ಪ ರಜ್ಜು, ಅಂದರೆ ಅಕಿಲಿಸ್ ನೋಯುತ್ತಿದ್ದರೆ ಪೂರ್ತಿ ವಿಶ್ರಾಂತಿ ಒಳ್ಳೆಯದಲ್ಲ. ನಿಧಾನವಾಗಿ ಭಾರ ಹೊರಿಸಬೇಕು, ಅದಕ್ಕೆ ಸುಮಾರು 12 ವಾರ ಹಿಡಿಯುತ್ತದೆ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮೇಲಿಂದ ಮೇಲೆ ಬಿದ್ದ ಹೊಡೆತದಿಂದ ಸಣ್ಣ ಬಿರುಕು ಆಗಿದ್ದರೆ ಉಲ್ಟಾ. ಓಟ ಪೂರ್ತಿ ನಿಲ್ಲಿಸಬೇಕು. ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಮನೆಯಲ್ಲೇ ಗಮನಿಸಬಹುದಾದ ವ್ಯತ್ಯಾಸ ಒಂದಿದೆ. ನೋವು ಉದ್ದಕ್ಕೆ ಹರಡಿಕೊಂಡಿದ್ದು, ಸ್ವಲ್ಪ ಓಡಿದ ಮೇಲೆ ಸಡಿಲವಾದರೆ ಹೆಚ್ಚಾಗಿ ಸ್ನಾಯು ಅಥವಾ ರಜ್ಜಿನದು. ಒಂದೇ ಬೆರಳಿನಿಂದ ‘ಇಲ್ಲೇ’ ಎಂದು ತೋರಿಸುವಂತಿದ್ದು, ಓಡಿದಷ್ಟೂ ಹೆಚ್ಚಿ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ ಮೂಳೆಯ ಬಗ್ಗೆ ಅನುಮಾನಪಡಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಸ್ಟ್ರೆಸ್ ಫ್ರಾಕ್ಚರ್ ಮೊದಲ ಎರಡು-ಮೂರು ವಾರ ಎಕ್ಸ್‌ರೇಗೆ ಸಿಗದೇ ಇರಬಹುದು. ಎಂಆರ್‌ಐ ಬೇಕಾಗುತ್ತದೆ.

ತೊಡೆಸಂದಿನ ಆಳದಲ್ಲಿ ನೋವಿದ್ದು ಒಂಟಿ ಕಾಲಿನ ಮೇಲೆ ನಿಂತಾಗ ಹೆಚ್ಚುತ್ತಿದ್ದರೆ ಅವತ್ತೇ ಓಟ ನಿಲ್ಲಿಸಿ ಡಾಕ್ಟರನ್ನು ನೋಡಿ. ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದ್ದರೆ ಅದು ಪೂರ್ತಿ ಮುರಿಯುವ ಅಪಾಯವಿದೆ, ಆಪರೇಷನ್‌ವರೆಗೂ ಹೋಗುತ್ತದೆ.

ನಮ್ಮ ಕಡೆಯ ಇನ್ನೊಂದು ರೂಢಿ, ಎಣ್ಣೆ ಹಾಕಿ ಜೋರಾಗಿ ನೀವಿಸಿಕೊಳ್ಳುವುದು, ಉಳುಕು ತೆಗೆಸುವುದು. ಬಿರುಕು ಬಿಟ್ಟ ಮೂಳೆಯ ಮೇಲೆ ಇದನ್ನು ಮಾಡಿಸಬಾರದು. ನೋವು ಮುಚ್ಚುವ ಇಂಜೆಕ್ಷನ್ ಹಾಕಿಸಿಕೊಂಡು ಓಡುವುದೂ ಅಷ್ಟೇ ಕೆಟ್ಟದ್ದು. ನೋವು ಕಾಣದಾಗುತ್ತದೆ, ಗಾಯ ಹಾಗೇ ಬೆಳೆಯುತ್ತದೆ.

ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯ್ಡ್ ಆಗಿ ಎದ್ದವರು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿಕೊಂಡು ಡಾಕ್ಟರ್ ಒಪ್ಪಿದ ಮೇಲೆ ಶುರು ಮಾಡಿ. ಬೆಳಗಿನ ನಾಡಿ ಬಡಿತ ನಿಮ್ಮ ಮಾಮೂಲಿಗಿಂತ ನಿಮಿಷಕ್ಕೆ ಹತ್ತು ಹೆಚ್ಚಿದ್ದರೆ ಅವತ್ತು ನಡಿಗೆ ಸಾಕು.

## ಹಂತ 2: ಕಟ್‌ಆಫ್ ಲೆಕ್ಕ ಹಾಕಿ

ಕಟ್‌ಆಫ್ ಅಂದರೆ ಒಂದೊಂದು ಭಾಗವನ್ನು ಮುಗಿಸಲೇಬೇಕಾದ ಸಮಯದ ಮಿತಿ. ಈ ಹಂತವನ್ನು ಬಹಳ ಜನ ಮಾಡುವುದೇ ಇಲ್ಲ. ಹಳೆಯ ವೇಗ ತಲೆಯಲ್ಲಿಟ್ಟುಕೊಂಡು ಹೆದರುತ್ತಾರೆ, ಇಲ್ಲವೇ ಹಳೆಯ ವೇಗಕ್ಕೇ ತಯಾರಿ ಮಾಡಲು ಹೋಗಿ ಮತ್ತೆ ಗಾಯ ಮಾಡಿಕೊಳ್ಳುತ್ತಾರೆ. ಈ ವರ್ಷ ನಿಮಗೆ ಬೇಕಿರುವುದು ಸಮಯದೊಳಗೆ ಮುಗಿಸುವ ವೇಗ ಮಾತ್ರ. ಅದು ಎಷ್ಟು ಎಂದು ಕಾಗದದ ಮೇಲೆ ನೋಡಿ.

ಐರನ್‌ಮ್ಯಾನ್ 70.3, ಅಂದರೆ ಹಾಫ್ ದೂರದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸಲು ಶುರುವಿನಿಂದ 5 ಗಂಟೆ 30 ನಿಮಿಷ, ಒಟ್ಟು 8 ಗಂಟೆ 30 ನಿಮಿಷ ಕೊಡುತ್ತಾರೆ. ಒಂದೊಂದು ಕಡೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಿಮ್ಮ ಸ್ಪರ್ಧೆಯ ಕೈಪಿಡಿಯಲ್ಲಿರುವ ಸಂಖ್ಯೆಯನ್ನೇ ಹಾಕಿಕೊಳ್ಳಿ.

ಈಗ ನಿಧಾನದ ಲೆಕ್ಕ. 100 ಮೀಟರಿಗೆ 3 ನಿಮಿಷದಂತೆ ಈಜಿದರೆ 1.9 ಕಿ.ಮೀ.ಗೆ 57 ನಿಮಿಷ. ಬಟ್ಟೆ-ಹೆಲ್ಮೆಟ್‌ಗೆ 8 ನಿಮಿಷ. ಗಂಟೆಗೆ 23 ಕಿ.ಮೀ. ವೇಗದಲ್ಲಿ 90 ಕಿ.ಮೀ. ಸೈಕಲ್‌ಗೆ 3 ಗಂಟೆ 55 ನಿಮಿಷ. ಇಲ್ಲಿಗೆ 5 ಗಂಟೆ. ಸೈಕಲ್ ಕಟ್‌ಆಫ್‌ಗೆ ಇನ್ನೂ ಅರ್ಧ ಗಂಟೆ ಇದೆ. ಶೂ ಬದಲಿಸಲು 5 ನಿಮಿಷ ತೆಗೆದರೆ ಓಟಕ್ಕೆ 3 ಗಂಟೆ 25 ನಿಮಿಷ ಉಳಿಯುತ್ತದೆ. ಅಂದರೆ ಒಂದು ಕಿ.ಮೀ.ಗೆ 9 ನಿಮಿಷ 40 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು.

ಇದು ಜೋರು ನಡಿಗೆಗೆ ಹತ್ತಿರದ ವೇಗ. 3 ನಿಮಿಷ ಮೆಲ್ಲಗೆ ಓಡಿ 2 ನಿಮಿಷ ನಡೆದರೂ ಕಿ.ಮೀ.ಗೆ 8 ನಿಮಿಷ 30 ಸೆಕೆಂಡಿನ ಆಸುಪಾಸು ಬರುತ್ತದೆ, ಒಟ್ಟು 3 ಗಂಟೆಯಲ್ಲಿ ಮುಗಿಯುತ್ತದೆ. ಕಾಲಿಗೆ ಗಾಯವಾದವರಿಗೆ ದೊಡ್ಡ ಸಮಾಧಾನ ಇದು. ಈಜು, ಸೈಕಲ್ ಎರಡನ್ನೂ ಸರಿಯಾಗಿ ಕಟ್ಟಿಕೊಂಡರೆ ಓಟದ ಮೇಲೆ ಒತ್ತಡವೇ ಬೀಳುವುದಿಲ್ಲ. ಆದರೆ ಸೈಕಲ್ ವೇಗ ಗಂಟೆಗೆ 20ಕ್ಕೆ ಇಳಿದರೆ 4 ಗಂಟೆ 30 ನಿಮಿಷ ಬೇಕು. ಆಗ 5 ಗಂಟೆ 35 ನಿಮಿಷವಾಗಿ ಸೈಕಲ್ ಕಟ್‌ಆಫ್‌ನಲ್ಲೇ ಹೊರಗೆ. ನಿಮ್ಮ ಸ್ಪರ್ಧೆ ನಿಂತಿರುವುದು ಸೈಕಲ್ ಮೇಲೆ ಎಂದು ಈಗ ಗೊತ್ತಾಯಿತು ಅಲ್ವಾ?

ಪೂರ್ತಿ ದೂರದವರಿಗೆ ಸಾಮಾನ್ಯ ಮಿತಿ ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಕೊನೆಗೆ 10 ಗಂಟೆ 30 ನಿಮಿಷ, ಒಟ್ಟು 17 ಗಂಟೆ. ಇದೇ ರೀತಿ ಕೂಡಿಸಿ ನೋಡಿ.

## ಹಂತ 3: ಉಳಿದ ವಾರಗಳನ್ನು ಹಂಚಿಕೊಳ್ಳಿ

ಸ್ಪರ್ಧೆಯ ದಿನದಿಂದ ಹಿಂದಕ್ಕೆ ಎಣಿಸಿ. ಕೊನೆಯ ಎರಡು ವಾರ ತಯಾರಿಗೆ ಸೇರುವುದಿಲ್ಲ, ಅದು ಕಾಲು ಹಗುರ ಮಾಡಿಕೊಳ್ಳುವ ಸಮಯ. 14 ವಾರ ಇದ್ದರೆ ಕೈಗೆ ಸಿಗುವುದು 12. ಅದರಲ್ಲಿ ಮೊದಲ 4 ವಾರ ಈಜು, ಸೈಕಲ್ ಮತ್ತು ಕಾಲಿನ ಶಕ್ತಿ. ಮುಂದಿನ 5 ವಾರದಲ್ಲಿ ಓಟ ನಿಧಾನವಾಗಿ ಒಳಗೆ ಬರುತ್ತದೆ. ಕೊನೆಯ 3 ವಾರ ಮೂರನ್ನೂ ಜೋಡಿಸುವುದು.

ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಈ ಹಗುರ ವಾರವನ್ನು ಬಿಟ್ಟು ಮುಂದೆ ಹೋದವರಲ್ಲಿ ಹೆಚ್ಚಿನವರು ಐದನೇ ವಾರ ಫಿಸಿಯೋ ಹತ್ತಿರ ಕೂತಿರುತ್ತಾರೆ. ತಪ್ಪಿಹೋದ ದಿನವನ್ನು ಮರುದಿನಕ್ಕೆ ಸೇರಿಸಬೇಡಿ. ಮಂಗಳವಾರದ ಸೈಕಲ್ ತಪ್ಪಿತು ಅಂದರೆ ತಪ್ಪಿತು, ಬುಧವಾರದ್ದನ್ನು ಮಾಡಿ.

ನೋವಿನ ನಿಯಮ ಹೀಗಿರಲಿ. ಮಾಡುವಾಗ ಹತ್ತರಲ್ಲಿ 3ರವರೆಗೆ ನೋವಿದ್ದು, ಮರುದಿನ ಬೆಳಿಗ್ಗೆ ಹಿಂದಿನಷ್ಟಕ್ಕೇ ಬಂದಿದ್ದರೆ ಮುಂದುವರಿಸಿ. 4 ಅಥವಾ 5 ಆದರೆ ಮುಂದಿನ ಸಲ ಮೂರರಲ್ಲಿ ಒಂದು ಭಾಗ ಕಡಿಮೆ ಮಾಡಿ. ಅದಕ್ಕಿಂತ ಮೇಲೆ ಹೋದರೆ ಅಲ್ಲೇ ನಿಲ್ಲಿಸಿ. ಇದು ರಜ್ಜು, ಸ್ನಾಯುವಿನ ನೋವಿಗೆ ಮಾತ್ರ. ಮೂಳೆಯ ನೋವಿನಲ್ಲಿ 1 ಕೂಡ ಜಾಸ್ತಿ.

## ಹಂತ 4: ಈಜು

25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 76 ಸಲ ಆಚೆ-ಈಚೆ ದಡ ಮುಟ್ಟಬೇಕು. ಒಂದು ಬದಿಗೆ 45 ಸೆಕೆಂಡ್ ಆದರೆ ನಿಮ್ಮ ಲೆಕ್ಕ ಸರಿಯಾಗಿದೆ. ವಾರಕ್ಕೆ ಮೂರು ಸಲ, ಒಂದೊಂದು ಸಲ 40-50 ನಿಮಿಷ ಸಾಕು. ಶುರುವಿನಲ್ಲಿ 50 ಮೀಟರ್ ಈಜಿ ಸ್ವಲ್ಪ ನಿಂತು ಮತ್ತೆ 50. ವಾರ ಕಳೆದಂತೆ ನಿಲ್ಲುವ ಸಮಯ ಕಡಿಮೆ ಮಾಡಿ, ಆಮೇಲೆ ತುಂಡುಗಳನ್ನು 100, 200, 400ಕ್ಕೆ ಉದ್ದ ಮಾಡಿ.

ಕಾಲಿಗೆ ಗಾಯವಿದ್ದರೆ ಪುಲ್ ಬಾಯ್ ಇಟ್ಟುಕೊಂಡು ಕೈಯಿಂದಲೇ ಈಜಿ. ಗೋಡೆಗೆ ಒದ್ದು ತಿರುಗುವುದನ್ನು ಬಿಡಿ. ಅಕಿಲಿಸ್ ಮತ್ತು ಮೂಳೆ ಬಿರುಕಿನವರಿಗೆ ಆ ಒದೆತವೇ ಸಾಕು ಕೆಲಸ ಕೆಡಿಸಲು. ಭುಜದ ಗಾಯದವರು ಕೈಗೆ ಕಟ್ಟುವ ಪ್ಯಾಡಲ್ ಮುಟ್ಟಬೇಡಿ. ಕೈ ನೀರಿಗೆ ಇಳಿಯುವಾಗ ತಲೆಯ ಮುಂದೆ ಅಡ್ಡ ಹೋಗದೆ ಭುಜದ ನೇರಕ್ಕೇ ಹೋಗಲಿ. ಭುಜದ ಮುಂಭಾಗದ ಚುಚ್ಚುವ ನೋವಿಗೆ ಈ ಅಡ್ಡ ಕೈಯೇ ಎಷ್ಟೋ ಸಲ ಕಾರಣ.

ತೆರೆದ ನೀರಿನ, ಅಂದರೆ ಕೆರೆ, ಹೊಳೆ, ಸಮುದ್ರದಲ್ಲಿ ಈಜುವ ಅಭ್ಯಾಸವೇ ನಮ್ಮೂರಿನ ದೊಡ್ಡ ತೊಂದರೆ. ಕುಂದವಾಡ ಕೆರೆ ದಾವಣಗೆರೆಗೆ ಕುಡಿಯುವ ನೀರು ಕೊಡುವ ಕೆರೆ. ಅದರ ದಂಡೆ ಓಡಾಡಲು, ನೀರು ಇಳಿಯಲು ಅಲ್ಲ. ಭದ್ರಾ ನಾಲೆಯಲ್ಲಿ ಈಜುವ ಯೋಚನೆ ಬೇಡವೇ ಬೇಡ. ಇಳಿಜಾರು ಸಿಮೆಂಟ್ ಗೋಡೆ, ಪಾಚಿ, ಸೆಳೆತ. ಒಳ್ಳೆ ಈಜುಗಾರರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಹರಿಹರದ ಬಳಿ ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಸೂಳೆಕೆರೆ, ವಾಣಿವಿಲಾಸ ಸಾಗರದಂಥ ದೊಡ್ಡ ನೀರು ನೋಡಿ ಆಸೆಯಾಗುವುದು ಸಹಜ. ಅನುಮತಿ, ದೋಣಿ, ಜೊತೆಗೆ ಬಲ್ಲವರು ಮೂರೂ ಇಲ್ಲದೆ ಇಳಿಯಬೇಡಿ.

ಹಾಗಾದರೆ ಏನು ಮಾಡುವುದು? ಕೊಳದಲ್ಲೇ ಸಮುದ್ರದ ಅಭ್ಯಾಸ ಮಾಡಿ. ಎಂಟು ಕೈಗೊಮ್ಮೆ ಕಣ್ಣು ಮಾತ್ರ ನೀರಿನಿಂದ ಮೇಲೆತ್ತಿ ಎದುರಿನ ಗೋಡೆಯ ಮೇಲಿನ ಒಂದು ಗುರುತನ್ನು ನೋಡಿ. ಒಂದೇ ಪಟ್ಟಿಯಲ್ಲಿ ಇಬ್ಬರು-ಮೂವರು ಪಕ್ಕಪಕ್ಕ ಈಜಿ, ಕೈಕಾಲು ತಾಗಲಿ. ಕೆಳಗಿನ ಕಪ್ಪು ಗೆರೆ ನೋಡದೆ ನಾಲ್ಕು ಕೈ ಕಣ್ಣುಮುಚ್ಚಿ ಈಜಿ, ಯಾವ ಕಡೆ ವಾಲುತ್ತೀರಿ ಎಂದು ಗೊತ್ತಾಗುತ್ತದೆ. ಸ್ಪರ್ಧೆಗೆ ಎರಡು ದಿನ ಮೊದಲೇ ಊರು ತಲುಪಿ, ಸಂಘಟಕರು ಇಡುವ ಅಭ್ಯಾಸದ ಈಜಿನಲ್ಲಿ ಇಳಿಯಿರಿ. ಅಲೆ, ಉಪ್ಪುನೀರು, ಕಾಲಿಗೆ ನೆಲ ಸಿಗದ ಭಯ, ಇವನ್ನು ಸ್ಪರ್ಧೆಯ ಬೆಳಿಗ್ಗೆ ಮೊದಲ ಸಲ ನೋಡಬಾರದು.

## ಹಂತ 5: ಸೈಕಲ್

ಮೊದಲು ಸೀಟಿನ ಎತ್ತರ ಸರಿಮಾಡಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಡಿಚಿರಬೇಕು, 25ರಿಂದ 35 ಡಿಗ್ರಿಯಷ್ಟು. ಸೀಟು ತಗ್ಗಾದರೆ ಮೊಣಕಾಲ ಮುಂಭಾಗ ನೋಯುತ್ತದೆ. ಎತ್ತರವಾದರೆ ಮೊಣಕಾಲ ಹಿಂದೆ ನೋವು, ಸೊಂಟ ಆಚೆ-ಈಚೆ ಅಲ್ಲಾಡುತ್ತದೆ. ಒಮ್ಮೆಗೆ ಐದು ಮಿಲಿಮೀಟರ್‌ಗಿಂತ ಜಾಸ್ತಿ ಬದಲಿಸಬೇಡಿ. ದೊಡ್ಡ ಗೇರಿನಲ್ಲಿ ತಿಣುಕುತ್ತ ತುಳಿಯುವುದು ನಮ್ಮಲ್ಲಿ ಬಹಳ ಜನರ ಚಟ. ನಿಮಿಷಕ್ಕೆ 80-90 ಸುತ್ತು ಬರುವ ಹಗುರ ಗೇರಿಗೆ ಇಳಿಸಿ. ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ವಾರಕ್ಕೆ ಮೂರು ಸವಾರಿ. ಎರಡು ಸಣ್ಣವು, ಒಂದು ಗಂಟೆಯ ಆಸುಪಾಸು, ಟ್ರೈನರ್ ಮೇಲಾದರೂ ಸರಿ. ಭಾನುವಾರ ಒಂದು ಉದ್ದದ್ದು. 30 ಕಿ.ಮೀ.ನಿಂದ ಶುರುಮಾಡಿ ವಾರಕ್ಕೆ 8-10 ಕಿ.ಮೀ. ಏರಿಸುತ್ತ 80ರವರೆಗೆ ಹೋಗಿ. 90 ಮುಟ್ಟಲೇಬೇಕು ಎಂದಿಲ್ಲ.

ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗೆ ಬರಲಿ. ದಾವಣಗೆರೆಯವರು ಮೊದಲು ಹರಿಹರ, ರಾಣೆಬೆನ್ನೂರಿನ ಕಡೆ, ಚಿತ್ರದುರ್ಗದವರು ಮೊದಲು ದಾವಣಗೆರೆಯ ಕಡೆ ತಿರುಗಿದರೆ ಸರಿಹೋಗುತ್ತದೆ. ಉಲ್ಟಾ ಮಾಡಿದರೆ ಹೋಗುವಾಗ ವೇಗ ನೋಡಿ ಖುಷಿ, ವಾಪಸ್ ಬರುವಾಗ ಮೊಣಕಾಲು ಸುಸ್ತು. ಎದುರುಗಾಳಿಯಲ್ಲಿ ವೇಗ 18ಕ್ಕೆ ಇಳಿದರೂ ಗೇರು ಹಗುರ ಮಾಡಿ, ತಿಣುಕಬೇಡಿ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಕು ಹರಿದ ಮೇಲೆಯೇ ಇಳಿಯಿರಿ. ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡಿನಿಂದ ಬರುವ ಬೈಕು, ಟ್ರ್ಯಾಕ್ಟರ್ ಇದ್ದೇ ಇರುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮೆಕ್ಕೆಜೋಳ ಕಟಾವಾಗಿ ರಸ್ತೆಯ ಮೇಲೆಯೇ ಒಣಗಲು ಹರಡುತ್ತಾರೆ. ಸಣ್ಣ ಟೈರಿನ ಸೈಕಲ್ ಕಾಳಿನ ಮೇಲೆ ಹೋದರೆ ಜಾರುವುದು ಖಂಡಿತ. ರಾಶಿ ಚದುರಿ ಹೋಗದಿರಲಿ ಎಂದು ಅಂಚಿಗೆ ಇಟ್ಟ ಕಲ್ಲು ಇನ್ನೂ ಅಪಾಯ. ನಿಮ್ಮ ಕೊನೆಯ ಉದ್ದ ಸವಾರಿಗಳು ಬರುವುದೂ ಇದೇ ಹೊತ್ತಿಗೆ. ಇಷ್ಟು ದೂರ ಬಂದು ಭುಜದ ಮೂಳೆ ಮುರಿದುಕೊಳ್ಳುವುದು ಬೇಡ. ಅಂಥ ವಾರ ಟ್ರೈನರ್ ಮೇಲೆ ಕೂರಿ.

ಕೈಯ ಉಂಗುರಬೆರಳು, ಕಿರುಬೆರಳು ಜುಮ್ಮೆನ್ನುವುದು, ಕುತ್ತಿಗೆ ಹಿಡಿದುಕೊಳ್ಳುವುದು ಇದ್ದರೆ ಹ್ಯಾಂಡಲ್ ತೀರಾ ತಗ್ಗಿದೆ ಅಥವಾ ದೂರವಿದೆ. ಈ ವರ್ಷಕ್ಕೆ ಗಾಳಿ ಸೀಳುವ ಭಂಗಿ ಬೇಡ, ನಾಲ್ಕು ಗಂಟೆ ಆರಾಮಾಗಿ ಕೂರುವ ಭಂಗಿ ಸಾಕು.

## ಹಂತ 6: ಓಟಕ್ಕೆ ವಾಪಸ್ ಬರುವುದು

ಕ್ಯಾಲೆಂಡರ್ ನೋಡಿ ಓಟ ಶುರು ಮಾಡಬೇಡಿ. ಕಾಲು ಈ ಪರೀಕ್ಷೆ ಪಾಸಾದ ಮೇಲೆ ಶುರು ಮಾಡಿ. 45 ನಿಮಿಷ ಜೋರು ನಡಿಗೆ, ನಡೆಯುವಾಗಲೂ ಮರುದಿನವೂ ನೋವಿಲ್ಲ. ಗಾಯದ ಕಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 20 ಸಲ, ಇನ್ನೊಂದು ಕಾಲಿನಷ್ಟೇ ಸಲೀಸಾಗಿ. ಅದೇ ಕಾಲಿನಲ್ಲಿ ಕುಂಟುತ್ತ ಹತ್ತು ಸಲ ನೆಗೆದರೂ ಚುಚ್ಚುವುದಿಲ್ಲ. ಮೂರರಲ್ಲಿ ಒಂದು ಉಳಿದರೂ ಕಾಯಿರಿ. ಮೂಳೆ ಬಿರುಕು ಆಗಿದ್ದವರು ನೆಗೆಯುವ ಪರೀಕ್ಷೆಯನ್ನು ಡಾಕ್ಟರ್ ಒಪ್ಪುವವರೆಗೆ ಮಾಡಬಾರದು.

ಕಾಯುವ ವಾರಗಳಲ್ಲಿ ಕಾಲು ಸುಮ್ನೆ ಇರಬೇಕಿಲ್ಲ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಇಳಿಸಿ ಎತ್ತುವುದು, ಒಂದು ಸಲಕ್ಕೆ ಆರು ಸೆಕೆಂಡಿನಂತೆ, 12ರ ಮೂರು ಸುತ್ತು. ಹಿಮ್ಮಡಿ ಮೂಳೆಗೆ ರಜ್ಜು ಅಂಟುವ ಜಾಗದಲ್ಲೇ ನೋವಿದ್ದರೆ ಅಂಚಿನಿಂದ ಕೆಳಗೆ ಇಳಿಸದೆ ಸಮನೆಲದ ಮೇಲೆಯೇ ಮಾಡಿ. ಜೊತೆಗೆ ಒಂಟಿ ಕಾಲಿನಲ್ಲಿ ಕುರ್ಚಿಯಿಂದ ಏಳುವುದು, ಮಂಡಿಗೆ ಬ್ಯಾಂಡ್ ಹಾಕಿ ಪಕ್ಕಕ್ಕೆ ನಡೆಯುವುದು. ವಾರಕ್ಕೆ ಮೂರು ದಿನ, ಬ್ಯಾಗಿನಲ್ಲಿ ಪುಸ್ತಕವೋ ಅಕ್ಕಿಯೋ ತುಂಬಿ ಬೆನ್ನಿಗೆ ಹಾಕಿಕೊಂಡು ಭಾರ ಹೆಚ್ಚಿಸುತ್ತ ಹೋಗಿ.

ಪರೀಕ್ಷೆ ಪಾಸಾದ ಮೇಲೆ ಮೊದಲ ದಿನ ಹೀಗೆ: 10 ನಿಮಿಷ ನಡಿಗೆ, ಆಮೇಲೆ 1 ನಿಮಿಷ ಓಟ 2 ನಿಮಿಷ ನಡಿಗೆ ಆರು ಸಲ, ಮತ್ತೆ 5 ನಿಮಿಷ ನಡಿಗೆ. ದಿನ ಬಿಟ್ಟು ದಿನ ಮಾತ್ರ. ಸತತ ಎರಡು ದಿನ ಓಡಬಾರದು. ಎರಡು ಸಲ ನೋವಿಲ್ಲದೆ ಮುಗಿದರೆ ಮುಂದಿನ ಮೆಟ್ಟಿಲು, 2 ನಿಮಿಷ ಓಟ 2 ನಿಮಿಷ ನಡಿಗೆ. ನಂತರ 3 ಓಟ 2 ನಡಿಗೆ. ಅಲ್ಲಿಗೆ ನಿಲ್ಲಿಸಿ. ನಿಮ್ಮ ಸ್ಪರ್ಧೆಯ ಓಟವೇ ಇದು ಎಂದು ಹಂತ 2ರಲ್ಲಿ ನೋಡಿದ್ದೇವೆ. ಇನ್ನು ಉದ್ದ ಮಾತ್ರ ಬೆಳೆಸಿ, ವಾರಕ್ಕೆ ಒಂದು ಓಟವನ್ನು 10 ನಿಮಿಷದಂತೆ. ಎರಡು ಗಂಟೆ ಮುಟ್ಟಿದರೆ ಸಾಕು, 21 ಕಿ.ಮೀ. ಅಭ್ಯಾಸದಲ್ಲಿ ಓಡಬೇಡಿ.

ಇಲ್ಲಿ ಜನ ಕೆಡಿಸಿಕೊಳ್ಳುವುದು ಹೀಗೆ. 3-2 ಸುಲಭ ಅನ್ನಿಸಿದ ದಿನ ನಡಿಗೆಯನ್ನು ಬಿಟ್ಟುಬಿಡುತ್ತಾರೆ. ಕೆರೆಯ ಮೇಲೆ ಪರಿಚಯದವರು ಎದುರಾದರೆ ನಡೆಯಲು ನಾಚಿಕೆ. ‘ಏನ್ ಸಾರ್, ಸುಸ್ತಾ?’ ಅಂತಾರೆ, ಅನ್ನಲಿ ಬಿಡಿ. ನಡಿಗೆ ಬರುವುದು ಸುಸ್ತಾದ ಮೇಲಲ್ಲ, ಗಡಿಯಾರ ಹೇಳಿದಾಗ. ಮೊದಲ ಮೂರನೇ ನಿಮಿಷದಿಂದಲೇ.

ಜಾಗದ ಆಯ್ಕೆಯೂ ಮುಖ್ಯ. ರಸ್ತೆಯ ಅಂಚು ಒಂದು ಕಡೆಗೆ ವಾಲಿರುತ್ತದೆ, ದಿನಾ ಅದೇ ಬದಿಯಲ್ಲಿ ಓಡಿದರೆ ಒಂದೇ ಕಾಲಿಗೆ ಹೊಡೆತ. ಕೆರೆ ದಂಡೆಯಲ್ಲಿ ಒಂದು ದಿನ ಬಲಸುತ್ತು, ಮರುಸಲ ಎಡಸುತ್ತು ಹಾಕಿ. ಹೈಸ್ಕೂಲ್ ಮೈದಾನದಂಥ ಸಮತಟ್ಟು ಮಣ್ಣಿನ ನೆಲ ಶುರುವಿಗೆ ಒಳ್ಳೆಯದು. ಚಿತ್ರದುರ್ಗದವರಿಗೆ ಜೋಗಿಮಟ್ಟಿ ರಸ್ತೆ ಕರೆಯುತ್ತದೆ. ಮೊಣಕಾಲು ಗಾಯದವರು ಏರು ನಡೆದು ಹತ್ತಬಹುದು, ಆದರೆ ಇಳಿಜಾರಿನಲ್ಲಿ ಓಡಬಾರದು. ಅಕಿಲಿಸ್‌ನವರಿಗೆ ಏರೇ ಶತ್ರು. ಕೋಟೆಯ ಮೆಟ್ಟಿಲನ್ನು ಈ ವರ್ಷ ಪ್ರವಾಸಿಗರಿಗೆ ಬಿಡಿ.

ಎಚ್ಚರಿಕೆಯ ಗುರುತುಗಳು: ನಡೆಯುವಾಗ ಕುಂಟು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ, ಊತ, ಓಡುತ್ತ ಹೋದಂತೆ ಹೆಚ್ಚುವ ನೋವು. ಯಾವುದೇ ಒಂದು ಕಂಡರೂ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಒಂದು ವಾರ ಅಲ್ಲೇ ಇರಿ. ಕುಂಟು ಬಂದರೆ ಓಟವೇ ನಿಲ್ಲಬೇಕು.

## ಹಂತ 7: ಮೂರನ್ನೂ ಜೋಡಿಸಿ, ಹೊಟ್ಟೆಯನ್ನೂ ತಯಾರು ಮಾಡಿ

ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸಕ್ಕೆ ಬ್ರಿಕ್ ಎನ್ನುತ್ತಾರೆ. ಗಾಯದಿಂದ ಬಂದವರು ಇದನ್ನು ಚಿಕ್ಕದಾಗಿ ಇಡಬೇಕು. ಉದ್ದ ಸವಾರಿಯ ಮೇಲೆ 15-20 ನಿಮಿಷ ಓಟ-ನಡಿಗೆ, ವಾರಕ್ಕೊಮ್ಮೆ, ಅಷ್ಟೇ. ಕಾಲು ಮರಗಟ್ಟಿದಂತಾಗುವುದು ಹತ್ತು ನಿಮಿಷದಲ್ಲಿ ಹೋಗುತ್ತದೆ ಎಂದು ತಿಳಿದುಕೊಳ್ಳಲು ಇಷ್ಟು ಸಾಕು.

ಉದ್ದ ಸವಾರಿಯಲ್ಲೇ ತಿನ್ನುವುದನ್ನೂ ಕಲಿಯಿರಿ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇದೆ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಅಂದರೆ 5 ದೊಡ್ಡ ಚಮಚ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು ಹಾಕಿದರೆ ಒಳ್ಳೆ ಪಾನೀಯ. ಅದರ ಅರ್ಧ ಲೀಟರ್, ಒಂದು ಬಾಳೆಹಣ್ಣು, ಒಂದು ಖರ್ಜೂರ ಸೇರಿದರೆ ಒಂದು ಗಂಟೆಯ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ. ಬರೀ ಓಆರ್‌ಎಸ್ ಕುಡಿದು ಹೊರಡುವವರು ಬಹಳ. ಅದರಲ್ಲಿ ಉಪ್ಪಿನಂಶ ಚೆನ್ನಾಗಿದೆ, ಆದರೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಎರಡನೇ ಗಂಟೆಗೆ ಕೈಕಾಲು ಬಿದ್ದುಹೋಗುತ್ತದೆ. ಬರೀ ನೀರನ್ನು ಹೊಟ್ಟೆ ತುಂಬ ಕುಡಿಯುವುದೂ ತಪ್ಪು. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾದರೆ ಪ್ರಾಣಕ್ಕೇ ಅಪಾಯ.

ಬಿಸಿಲಿನ ವಿಷಯದಲ್ಲಿ ನಮ್ಮವರಿಗೆ ಒಂದು ಅತಿಯಾದ ಧೈರ್ಯ ಇದೆ. ‘ದಾವಣಗೆರೆ ಏಪ್ರಿಲ್ ನೋಡಿದವರಿಗೆ ಗೋವಾ ಯಾವ ಲೆಕ್ಕ’ ಎಂದು. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯಲ್ಲಿ ಬೆವರು ಆರುವುದೇ ಇಲ್ಲ, ಮೈಮೇಲೆ ಹರಿಯುತ್ತಲೇ ಇರುತ್ತದೆ. ಮೈ ಹೊಂದಿಕೊಳ್ಳಲು 10-14 ದಿನ ಬೇಕು. ಕೊನೆಯ ಮೂರು ವಾರದಲ್ಲಿ ಕೆಲವು ದಿನ ಫ್ಯಾನ್ ಹಾಕದೆ ಟ್ರೈನರ್ ತುಳಿಯಿರಿ, ಮನೆಯಲ್ಲಿ ಒಬ್ಬರು ಇರುವಾಗ ಮಾತ್ರ. ತಲೆ ತಿರುಗಿದರೆ ಇಳಿದುಬಿಡಿ.

## ಹಂತ 8: ಆರು ವಾರ ಇರುವಾಗ ತೀರ್ಮಾನ

ಕ್ಯಾಲೆಂಡರಿನಲ್ಲಿ ಈ ದಿನಕ್ಕೆ ಈಗಲೇ ಗುರುತು ಹಾಕಿ. ಅವತ್ತಿಗೆ ನಿಲ್ಲದೆ 1,200 ಮೀಟರ್ ಈಜು, 23ರ ವೇಗದಲ್ಲಿ 60 ಕಿ.ಮೀ. ಸೈಕಲ್, ನೋವು 3ರೊಳಗೆ ಇದ್ದು ಒಂದು ಗಂಟೆ ಓಟ-ನಡಿಗೆ, ಇವು ಆಗಿರಬೇಕು. ಮೂರೂ ಇದ್ದರೆ ಹೊರಡಿ. ಓಟ ಮಾತ್ರ ಬಾಕಿ ಇದ್ದು ಜೋರು ನಡಿಗೆ ನೋವಿಲ್ಲದೆ ಆಗುತ್ತಿದ್ದರೆ ಇನ್ನೂ ಅವಕಾಶ ಇದೆ, ಆದರೆ ಈಜು ಮತ್ತು ಸೈಕಲ್‌ನಲ್ಲಿ ಸಮಯ ಉಳಿಸಲೇಬೇಕು. ಎರಡು ಬಾಕಿ ಇದ್ದರೆ, ಅಥವಾ ಮೂಳೆಯ ನೋವು ಇನ್ನೂ ಇದ್ದರೆ, ಈ ವರ್ಷ ಬೇಡ.

ಬೇಡ ಎಂದರೆ ಹಣ ಪೂರ್ತಿ ಹೋಯಿತು ಎಂದಲ್ಲ. ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಲು, ರಿಲೇ ತಂಡಕ್ಕೆ ಸೇರಲು ಅವಕಾಶ ಇದೆಯೇ ಎಂದು ನೋಂದಣಿಯ ನಿಯಮ ಓದಿ. ಅದಕ್ಕೂ ಕೊನೆಯ ದಿನಾಂಕ ಇರುತ್ತದೆ, ಹಿಂದಿನ ವಾರ ಕೇಳಿದರೆ ಆಗುವುದಿಲ್ಲ. ಓಡಲಾಗದವರು ಗೆಳೆಯರ ಜೊತೆ ಸೇರಿ ಈಜನ್ನೋ ಸೈಕಲ್ಲನ್ನೋ ಮಾತ್ರ ಮಾಡುವುದು ಮರ್ಯಾದೆಗೆ ಕಡಿಮೆಯಲ್ಲ. ಊರವರಿಗೆಲ್ಲ ಹೇಳಿಬಿಟ್ಟಿದ್ದೇನೆ ಎನ್ನುವುದು ಸ್ಪರ್ಧೆಗೆ ಇಳಿಯಲು ಕಾರಣವೇ ಅಲ್ಲ.

## ಹಂತ 9: ಕೊನೆಯ ಎರಡು ವಾರ

ಉದ್ದ ಕಡಿಮೆ ಮಾಡಿ, ದಿನಗಳನ್ನು ಹಾಗೇ ಇಡಿ. ಮೊದಲ ವಾರ ಅರ್ಧ, ಎರಡನೇ ವಾರ ಅದರಲ್ಲೂ ಅರ್ಧ. ಈ ಸಮಯದಲ್ಲಿ ಅಲ್ಲಿ ಇಲ್ಲಿ ಹೊಸ ನೋವು ಕಾಣಿಸಿಕೊಂಡಂತೆ ಅನ್ನಿಸುತ್ತದೆ. ಹೆಚ್ಚಿನವು ಒಂದೆರಡು ದಿನದಲ್ಲಿ ಹೋಗುತ್ತವೆ. ಪರೀಕ್ಷೆ ಮಾಡಿ ನೋಡುತ್ತೇನೆ ಎಂದು 15 ಕಿ.ಮೀ. ಓಡಬೇಡಿ.

ಹೊಸ ಶೂ, ಹೊಸ ಸೀಟು, ದಾರಿಯಲ್ಲಿ ತಿನ್ನುವ ಹೊಸ ಜೆಲ್ ಯಾವುದೂ ಬೇಡ. ಸೈಕಲ್ ಬಿಚ್ಚಿ ಪ್ಯಾಕ್ ಮಾಡುವ ಮೊದಲು ಸೀಟಿನ ಕಂಬಕ್ಕೆ ಟೇಪ್ ಸುತ್ತಿ ಎತ್ತರದ ಗುರುತು ಹಾಕಿ. ತಿಂಗಳುಗಟ್ಟಲೆ ಸರಿಮಾಡಿಕೊಂಡ ಎತ್ತರ ಗೋವಾದಲ್ಲಿ ಅಂದಾಜಿಗೆ ಬಿಗಿಯುವುದು ಬೇಡ. ಹಿಂದಿನ ದಿನ ಎಣ್ಣೆ, ಖಾರ, ಜಾಸ್ತಿ ನಾರಿನ ಊಟ ಬಿಡಿ. ಮಂಡಕ್ಕಿ-ಮಿರ್ಚಿ, ಬೆಣ್ಣೆ ದೋಸೆ ಎಲ್ಲ ಸ್ಪರ್ಧೆ ಮುಗಿದ ಮೇಲೆ. ಬೆಳಿಗ್ಗೆ ಸ್ಪರ್ಧೆ ಶುರುವಾಗಲು ಮೂರು ಗಂಟೆ ಇರುವಾಗ ಇಡ್ಲಿ ಅಥವಾ ಬ್ರೆಡ್-ಜಾಮ್, ಬಾಳೆಹಣ್ಣು, ನಿಮಗೆ ಅಭ್ಯಾಸವಿದ್ದರೆ ಕಾಫಿ.

## ಹಂತ 10: ಸ್ಪರ್ಧೆಯ ದಿನ

ನೋವಿನ ಮಾತ್ರೆ ನುಂಗಿ ಶುರು ಮಾಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಬಿಸಿಲು, ನೀರಿನ ಕೊರತೆ ಸೇರಿದಾಗ ಕಿಡ್ನಿಗೆ ಹೊಡೆತ ಕೊಡುತ್ತವೆ. ಜೊತೆಗೆ ನಿಮ್ಮ ಎಚ್ಚರಿಕೆಯ ಗಂಟೆಯನ್ನೂ ಬಂದ್ ಮಾಡುತ್ತವೆ.

ಈಜಿನ ಸಾಲಿನಲ್ಲಿ ಹಿಂದೆ, ಪಕ್ಕಕ್ಕೆ ನಿಲ್ಲಿ. ಕಂಕುಳು, ಕುತ್ತಿಗೆಗೆ ವ್ಯಾಸಲಿನ್ ಹಚ್ಚಿ. ಗಾಬರಿಯಾದರೆ ಅಂಗಾತ ತಿರುಗಿ, ಕೈ ಎತ್ತಿ, ದೋಣಿಯನ್ನು ಹಿಡಿದು ಉಸಿರು ತಗೊಳ್ಳಿ. ಹಿಡಿದು ಮುಂದಕ್ಕೆ ಸಾಗದಿದ್ದರೆ ಅನರ್ಹತೆ ಇಲ್ಲ. ಆದರೆ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ನೊರೆ ಕಫ ಬಂದರೆ ನೀರಿನಿಂದ ಹೊರಗೆ ಬರಲೇಬೇಕು. ಅದು ಸುಸ್ತಲ್ಲ, ಶ್ವಾಸಕೋಶಕ್ಕೆ ನೀರಿನಂಶ ಸೇರುತ್ತಿರುವ ಗುರುತು.

ಸೈಕಲ್ ಮೇಲೆ ಮೊದಲ ಅರ್ಧ ಗಂಟೆ ಎಲ್ಲರೂ ನಿಮ್ಮನ್ನು ದಾಟಲಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗುವ ವೇಗವೇ ನಿಮ್ಮದು. ಮುಂದಿನ ಸೈಕಲ್ಲಿಗೆ 12 ಮೀಟರ್ ದೂರ ಬಿಡುವ ನಿಯಮ ಸಾಮಾನ್ಯ, ಹಿಂದೆ ಅಂಟಿಕೊಂಡರೆ ದಂಡದ ಸಮಯ ಬೀಳುತ್ತದೆ. 15-20 ನಿಮಿಷಕ್ಕೊಮ್ಮೆ ವಾಚು ಬೀಪ್ ಆಗುವಂತೆ ಇಟ್ಟು ಆಗೆಲ್ಲ ಒಂದು ಗುಟುಕು, ಒಂದು ತುತ್ತು.

ಓಟದಲ್ಲಿ 3-2 ಶುರುವಿನಿಂದಲೇ. ನೀರಿನ ಟೇಬಲ್ ಬಂದಾಗ ನಡೆದು, ತಲೆಗೆ ನೀರು ಹಾಕಿಕೊಂಡು, ಟೋಪಿಯೊಳಗೆ ಮಂಜುಗಡ್ಡೆ ಇಟ್ಟುಕೊಂಡು ಹೋಗಿ. 10 ಕಿ.ಮೀ. ಹತ್ತಿರ ಹಳೆಯ ಗಾಯದ ಜಾಗ ಮಾತಾಡಲು ಶುರು ಮಾಡುತ್ತದೆ. 3 ನಿಮಿಷವನ್ನು 2ಕ್ಕೆ ಇಳಿಸಿ, ಆಮೇಲೆ 1ಕ್ಕೆ. ಕಟ್‌ಆಫ್ ಲೆಕ್ಕ ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದರೆ ನಡೆದೇ ಮುಗಿಸಬಹುದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಎಲ್ಲಿ ಬಿಡಬೇಕು ಎಂದು ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಡಿ. ಕುಂಟದೆ ನಡೆಯಲಾಗದಿದ್ದರೆ, ಮೂಳೆಯ ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ಎದೆನೋವು ಬಂದರೆ, ಬಿಸಿಲಲ್ಲೂ ಚಳಿ ಹಿಡಿದಂತಾದರೆ, ಎಲ್ಲಿದ್ದೇನೆ ಎಂದು ಗೊಂದಲವಾದರೆ, ಅಲ್ಲಿಗೆ ನಿಲ್ಲಿಸಿ. ಆ ಹೊತ್ತಲ್ಲಿ ನಿಮ್ಮ ತಲೆ ಸರಿಯಾಗಿ ಯೋಚಿಸುವುದಿಲ್ಲ, ಹಾಗಾಗಿ ಜೊತೆಗೆ ಬಂದವರು ಹೇಳಿದ್ದೇ ಅಂತಿಮ.

## ಮುಗಿದ ಮೇಲಿನ ವಾರ

ಗೆರೆ ದಾಟಿದ ತಕ್ಷಣ ಕೂರಬೇಡಿ, ಹತ್ತು ನಿಮಿಷ ಮೆಲ್ಲಗೆ ನಡೆಯಿರಿ. ಮೂತ್ರ ಕಾಫಿ ಬಣ್ಣಕ್ಕೆ ಬಂದರೆ, ಅಥವಾ ಎಂಟು ಗಂಟೆಯಾದರೂ ಬರದಿದ್ದರೆ ನೇರ ಆಸ್ಪತ್ರೆಗೆ. ಅವತ್ತೇ ರಾತ್ರಿ ಹುಬ್ಬಳ್ಳಿ ಮೇಲೆ ನೀವೇ ಕಾರು ಓಡಿಸಿಕೊಂಡು ಬರುವ ಯೋಜನೆ ಇದ್ದರೆ ಬದಲಿಸಿ. ಒಂದು ರಾತ್ರಿ ಮಲಗಿ ಹೊರಡಿ, ಗಂಟೆಗೊಮ್ಮೆ ಇಳಿದು ಕಾಲಾಡಿಸಿ. ಮೀನಖಂಡ ಒಂದೇ ಕಾಲಿನಲ್ಲಿ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು, ಸ್ನಾಯು ಸೆಳೆತ ಎಂದು ನೀವಬೇಡಿ, ಡಾಕ್ಟರಿಗೆ ತೋರಿಸಿ. ಎರಡು ವಾರ ಓಟ ಇಲ್ಲ. ಈಜು, ನಡಿಗೆ ನಾಲ್ಕನೇ ದಿನದಿಂದ ಆಗಬಹುದು. ನೋಟ್‌ಬುಕ್ಕಿನಲ್ಲಿ ಬೆಳಗಿನ ನೋವು ಬರೆಯುವುದನ್ನು ಇನ್ನೊಂದು ತಿಂಗಳು ಮುಂದುವರಿಸಿ.